ಗಿರಿಜೆಯ ಎಡಗೈ

ಕಳೆದ ತಿಂಗಳು ಸಕ್ಕರೆ ಪರೀಕ್ಷೆಗೆಂದು ಶ್ರೀನಿವಾಸಪುರದ ಒಂದು ಲ್ಯಾಬಿಗೆ ಹೋಗಿದ್ದೆ. ಬರಿಹೊಟ್ಟೆಯಲ್ಲಿ ಬರಬೇಕು ಎಂದಿದ್ದರು, ಹಾಗೆಯೇ ಹೋದೆ. ಅವರು ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಿಂತಿದ್ದೆ. ರಕ್ತ ತೆಗೆಯುವ ಹುಡುಗಿ ನನ್ನ ಹೆಸರು ಕೇಳಿ ಬರೆದುಕೊಂಡಳು. ತೋಳಿಗೆ ಪಟ್ಟಿ ಕಟ್ಟುವಾಗ ಮತ್ತೊಮ್ಮೆ ಕೇಳಿದಳು. ನನ್ನ ಹಿಂದೆ ಕಾದಿದ್ದವರೊಬ್ಬರು, "ಎಷ್ಟು ಸಲ ಕೇಳ್ತೀಯಮ್ಮ, ಅಷ್ಟರಲ್ಲಿ ಅವರು ಹೆಸರು ಬದಲಾಯಿಸ್ಕೊಂಡ್ರಾ?" ಎಂದು ನಕ್ಕರು. ನಾನು ನಗಲಿಲ್ಲ. ಇನ್ನೊಂದು ಸಲ ಬೇಕಾದರೂ ಕೇಳು ಎಂದು ಅವಳಿಗೆ ಹೇಳಿದೆ. ಅವಳು ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೊಣಕೈಯ ಒಳಬದಿಯನ್ನು ಒರೆಸಿದಳು. ಅದೇ ಹೊತ್ತಿಗೆ ಕಿಟಕಿಯಿಂದ ಮಾವಿನ ಹೂವಿನ ವಾಸನೆಯೂ ಬಂತು. ಈ ಎರಡು ವಾಸನೆಗಳು ಒಟ್ಟಿಗೆ ಬಂದರೆ ನನಗೆ ನೆನಪಾಗುವುದು ಒಂದೇ ವರ್ಷ.

ಅದು ಎಂಬತ್ತರ ದಶಕದ ನಡುಭಾಗ. ಇದೇ ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಆ ಆಸ್ಪತ್ರೆ ಈಗ ಇಲ್ಲ. ನನ್ನದು ಅಂತ ಇದ್ದದ್ದು ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಗಾಜಿನ ನಳಿಕೆಗಳನ್ನು ನಿಲ್ಲಿಸುವ ಮರದ ಸ್ಟ್ಯಾಂಡು. ಬೆಳಿಗ್ಗೆ ಹೋದ ಕೂಡಲೇ ಮೇಜು ಒರೆಸುವುದು, ಸೂಜಿಗಳನ್ನು ಕುದಿಯುವುದಕ್ಕೆ ಇಡುವುದು, ಉಪ್ಪುನೀರನ್ನು ಹೊಸದಾಗಿ ತಯಾರಿಸುವುದು, ಆಮೇಲೆಯೇ ಬಾಗಿಲ ಹೊರಗಿನ ಜನರ ಮುಖ ನೋಡುವುದು. ನನಗೆ ಈ ಕೆಲಸ ಕಲಿಸಿದ ಮೇಷ್ಟರು ಬಹಳ ಕಟ್ಟುನಿಟ್ಟಿನವರು. ನಳಿಕೆಯ ಮೇಲೆ ಹೆಸರು ಬರೆಯದೆ ರಕ್ತ ಹಾಕಿದರೆ ಅದನ್ನು ನಮ್ಮ ಎದುರಿಗೇ ಚೆಲ್ಲಿಬಿಡುತ್ತಿದ್ದರು. ಅವರು ಹೇಳಿಕೊಟ್ಟ ನಿಯಮಗಳಲ್ಲಿ ಒಂದು, ಸ್ವಂತ ಮನೆಯವರ ರಕ್ತಕ್ಕೆ ಸ್ವಂತ ಮೇಜಿನ ಮೇಲೆ ತೀರ್ಪು ಕೊಡಬಾರದು ಎಂಬುದು. ಮನಸ್ಸು ಬೇಡಿದ್ದನ್ನೇ ಕಣ್ಣು ನೋಡುತ್ತದೆ ಎನ್ನುತ್ತಿದ್ದರು. ಆ ನಿಯಮವನ್ನು ನಾನು ಒಂದೇ ಒಂದು ಸಲ ಮುರಿದಿದ್ದೇನೆ. ಅದು ಕೊನೆಗೆ ಬರುತ್ತದೆ.

ನನಗಿದ್ದವಳು ಒಬ್ಬಳೇ ಅಕ್ಕ, ಜಯಮ್ಮ. ಅವಳನ್ನು ಯಲ್ದೂರಿಗೆ ಕೊಟ್ಟಿತ್ತು, ನಮ್ಮ ಸೋದರತ್ತೆಯ ಮಗನಿಗೇ. ಭಾವನಿಗೆ ಊರ ಪಕ್ಕದಲ್ಲೇ ಮಾವಿನ ತೋಪಿತ್ತು. ಅವರ ಮೊದಲ ಮಗಳು ಗಿರಿಜ. ಅವಳು ಅಂಬೆಗಾಲಿಡುವ ವಯಸ್ಸಿನಲ್ಲಿ ಮುದ್ದೆಗಿಟ್ಟ ಎಸರು ಮೈಮೇಲೆ ಚೆಲ್ಲಿ ಎಡಗೈ ಮೊಣಕೈಯಿಂದ ಮುಂಗೈವರೆಗೆ ಬೆಂದಿತ್ತು. ಆಗ ನಾನಿನ್ನೂ ಕಲಿಯುತ್ತಿದ್ದವನು, ರಜೆಯಲ್ಲಿ ಬಂದಾಗಲೆಲ್ಲ ಪಟ್ಟಿ ಬಿಚ್ಚಿ ಕಟ್ಟುತ್ತಿದ್ದವನು ನಾನೇ. ಗಾಯ ಮಾಯ್ದರೂ ಚರ್ಮ ಒಣಗಿದ ಮಾವಿನ ಸಿಪ್ಪೆಯ ಹಾಗೆ ಮುದುಡಿಕೊಂಡೇ ಉಳಿಯಿತು. ದೊಡ್ಡವಳಾದ ಮೇಲೆ ಅವಳು ಸೆರಗನ್ನು ಯಾವಾಗಲೂ ಆ ಕೈಯ ಮೇಲೆಯೇ ಹೊದ್ದುಕೊಳ್ಳುತ್ತಿದ್ದಳು.

ಗಿರಿಜ ಹುಟ್ಟಿ ಎಷ್ಟೋ ವರ್ಷದ ಮೇಲೆ ಹುಟ್ಟಿದವನು ಮಂಜು. ಹಾಲು ಕುಡಿಯುವ ವಯಸ್ಸಿನಲ್ಲೇ ಅವನು ಬಿಳಿಚಿಕೊಳ್ಳತೊಡಗಿದ. ಹೊಟ್ಟೆಯ ಎಡಭಾಗ ಊದಿತು, ಕೆನ್ನೆಯ ಮೂಳೆ ಮುಂದಕ್ಕೆ ಬಂತು. ಜಂತುಹುಳಕ್ಕೆ ಔಷಧ, ಕಬ್ಬಿಣದ ಟಾನಿಕ್ಕು, ಮುಳಬಾಗಿಲಿನ ಕಡೆಯ ನಾಟಿ ಮದ್ದು, ಎಲ್ಲ ಆಯಿತು. ಕೊನೆಗೆ ನಾನೇ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ರೋಗದ ಹೆಸರು ಥಲಸ್ಸೀಮಿಯಾ ಎಂದರು. ನಮ್ಮ ಕಡೆ ಯಾರೂ ಕೇಳಿರದ ಹೆಸರು. ತಂದೆಯಲ್ಲೂ ತಾಯಿಯಲ್ಲೂ ಈ ರೋಗದ ಅರ್ಧರ್ಧ ಭಾಗ ಸುಮ್ಮನೆ ಇರುತ್ತದೆ, ಅವರಿಗೆ ಅದರಿಂದ ಏನೂ ತೊಂದರೆಯಿಲ್ಲ, ಆದರೆ ಎರಡು ಅರ್ಧಗಳೂ ಒಂದೇ ಮಗುವಿಗೆ ಬಂದರೆ ಆ ಮಗುವಿನ ಮೈಯಲ್ಲಿ ರಕ್ತ ಉಳಿಯುವುದಿಲ್ಲ, ಕರಗುತ್ತಲೇ ಹೋಗುತ್ತದೆ, ಎಂದು ಬಿಡಿಸಿ ಹೇಳಿದರು. ಅಂಥ ಗಂಡಹೆಂಡಿರಿಗೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಆ ಅಪಾಯ ಇರುತ್ತದೆಯಂತೆ. ಮನೆಯಲ್ಲಿ ಇನ್ನು ಯಾರದಾದರೂ ಮದುವೆ ಸಂಬಂಧದೊಳಗೇ ಆಗುವುದಿದ್ದರೆ ಮೊದಲು ಇಬ್ಬರ ರಕ್ತವನ್ನೂ ನೋಡಿಸಿ ಎಂದರು. ನಾನು ಊರಿಗೆ ಬಂದು ಅದನ್ನೆಲ್ಲ ಅಕ್ಕನಿಗೂ ಭಾವನಿಗೂ ತಿಳಿಯುವ ಮಾತಿನಲ್ಲಿ ವಿವರಿಸಿದೆ. ನಾಲ್ಕು ಹುಣಿಸೆ ಬೀಜ ಇಟ್ಟು ತೋರಿಸಿದೆ. ಅಕ್ಕ ಒಂದು ಬೀಜವನ್ನು ಪಕ್ಕಕ್ಕೆ ಸರಿಸಿ ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದಳು.

ಮಂಜುವಿಗೆ ಆಗಾಗ ರಕ್ತ ಕೊಡಿಸುತ್ತಿದ್ದೆವು. ರಕ್ತ ಬಿದ್ದ ಒಂದಷ್ಟು ದಿನ ತೋಪಿನಲ್ಲಿ ಓಡಾಡುವನು, ಆಮೇಲೆ ಮತ್ತೆ ಬಿಳಿಚಿ ಮೂಲೆ ಹಿಡಿಯುವನು. ನಾನು ಹೇಳುತ್ತಿರುವ ವರ್ಷಕ್ಕೆ ಹಿಂದಿನ ಮಳೆಗಾಲದಲ್ಲಿ ಹೋಗಿಬಿಟ್ಟ. ಶಾಲೆಗೆ ಸೇರಿಸಿ ಒಂದು ವರ್ಷವೂ ಆಗಿರಲಿಲ್ಲ.

ನಾವು ಹುಟ್ಟಿ ಬೆಳೆದ ಮನೆ ಹುತ್ತೂರಿನ ಹತ್ತಿರ. ಅಲ್ಲಿ ಅಮ್ಮ ಮತ್ತು ನನ್ನ ತಮ್ಮ ಸೀನ ಇದ್ದರು. ಹಿಪ್ಪುನೇರಳೆ ತೋಟ, ರೇಷ್ಮೆಹುಳು, ಒಂದಿಷ್ಟು ರಾಗಿ ಹೊಲ. ಗಿರಿಜ ಹುಟ್ಟಿದ ದಿನವೇ ಅವಳು ಸೀನನ ಪಾಲಿಗೆ ಎಂದು ಮಾತಾಗಿತ್ತು. ಸೋದರಮಾವನಿಗೆ ಅಕ್ಕನ ಮಗಳು, ನಮ್ಮ ಸೀಮೆಯಲ್ಲಿ ಅದಕ್ಕಿಂತ ಹತ್ತಿರದ ಸಂಬಂಧ ಬೇರೆ ಇಲ್ಲ. ಸಣ್ಣವಳಾಗಿದ್ದಾಗ ಗಿರಿಜ ನಮ್ಮ ಮನೆಗೆ ಬಂದರೆ ಅಕ್ಕಪಕ್ಕದವರು, "ಏನ್ಲಾ ಸೀನ, ನಿನ್ನ ಹೆಂಡ್ತಿ ಜಾರೋ ಚಡ್ಡಿ ಎಳ್ಕೊಂಡು ಬಂದವ್ಳೆ ನೋಡು" ಎಂದು ರೇಗಿಸುತ್ತಿದ್ದರು. ಇಬ್ಬರೂ ಬೆಳೆದು ದೊಡ್ಡವರಾದ ಮೇಲೆ ಆ ತಮಾಷೆ ನಿಂತಿತು. ಅವರಿಬ್ಬರಿಗೂ ಒಬ್ಬರ ಮೇಲೆ ಒಬ್ಬರಿಗೆ ಮನಸ್ಸಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು.

ಮಂಜುವಿನ ವರ್ಷಾಬ್ದಿಕಕ್ಕೆ ಮುಂಚೆಯೇ ಮದುವೆ ಮುಗಿಸಬೇಕು ಎಂದು ಭಾವ ಹೊರಟರು. ಸಂಕ್ರಾಂತಿ ಕಳೆದ ಮೇಲೆ ಜೋಯಿಸರ ಬಳಿಗೆ ನಾನೂ ಹೋಗಿದ್ದೆ. ಅವರು ಎರಡು ಜಾತಕವನ್ನೂ ನೋಡಿ ತಲೆಯಾಡಿಸಿದರು. ಕೂಡುವುದಿಲ್ಲ. ಅದಕ್ಕೆ ಯಾರೂ ಗಾಬರಿಯಾಗಲಿಲ್ಲ. ಜಾತಕ ಕೂಡದಿದ್ದರೆ ಹೆಸರಿನ ಮೇಲೆ ನೋಡುವುದು ನಮ್ಮಲ್ಲಿ ಮಾಮೂಲು. ಹೆಸರಿನ ಮೊದಲ ಅಕ್ಷರಕ್ಕೂ ಒಂದು ನಕ್ಷತ್ರ ಇರುತ್ತದೆ, ಹುಟ್ಟಿದ ನಕ್ಷತ್ರ ಒಪ್ಪದಿದ್ದರೆ ಹುಡುಗಿಗೆ ಒಪ್ಪುವ ಹೆಸರೊಂದನ್ನು ಇಟ್ಟು ಆ ಹೆಸರಿನಲ್ಲಿ ಧಾರೆ ಎರೆಯುತ್ತಾರೆ. ಜೋಯಿಸರು ಕೆಲವು ಅಕ್ಷರ ಕೊಟ್ಟರು. ಅದರಲ್ಲಿ ಸುಮಿತ್ರ ಎಂಬ ಹೆಸರನ್ನು ಆರಿಸಿದವನು ನಾನೇ. ಹೊರಗೆ ಬಂದು ಭಾವ, "ಏಂ ಕಾದು ಬಿಡಪ್ಪ" ಎಂದರು. ಖುಷಿಯಾದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು. ಏನೂ ಆಗೋದಿಲ್ಲ ಎಂದು ಅರ್ಥ. ದಾರಿಯುದ್ದಕ್ಕೂ ಹೊಸ ಹೆಸರು ಹಿಡಿದು ನಗಾಡಿಕೊಂಡು ಬಂದೆವು.

ಜಾತಕದ ವಿಷಯ ಹಾಗೆ ಮುಗಿಯಿತು. ರಕ್ತದ ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿ ನಿಂತೆ. ಅಕ್ಕನ ಹಜಾರದಲ್ಲಿ ಅಮ್ಮ, ಭಾವ, ಅಕ್ಕ, ಸೀನ ಎಲ್ಲರನ್ನೂ ಕೂರಿಸಿ ಹೇಳಿದೆ. ಇಬ್ಬರಲ್ಲಿ ಒಬ್ಬರದಾದರೂ ಸರಿಯಾಗಿದ್ದರೆ ಮದುವೆ ಧಾರಾಳವಾಗಿ ಆಗಲಿ. ಇಬ್ಬರಲ್ಲೂ ಇದ್ದರೆ ಬೇಡ. ಗಿರಿಜಳಿಗೆ ಹೊರಗಿನ ಗಂಡು ನೋಡೋಣ, ಸೀನನಿಗೆ ಹೊರಗಿನ ಹೆಣ್ಣು. ಯಾರೂ ಎದುರಾಡಲಿಲ್ಲ. ಅಕ್ಕ ಎದ್ದು ಹೋಗಿ ಎಲ್ಲರಿಗೂ ಮಜ್ಜಿಗೆ ತಂದಳು. ನನ್ನ ಲೋಟ ಕೊಡುವಾಗ, "ನೀನು ಹೇಳ್ದಂಗೇ ಆಗ್ಲಿ ಕಣೋ ನಾಣಿ" ಎಂದಳು.

ಪರೀಕ್ಷೆ ಕಷ್ಟದ್ದೇನಲ್ಲ. ದಿನಾ ಮಾಡುವ ರಕ್ತ ಪರೀಕ್ಷೆಗಳ ಜೊತೆಗೆ ಒಂದು ನಳಿಕೆ ಹೆಚ್ಚು. ತೆಳುವಾದ ಉಪ್ಪುನೀರಿಗೆ ಒಂದು ಹನಿ ರಕ್ತ ಹಾಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಬಿಳಿ ಕಾಗದದ ಮೇಲೆ ಒಂದು ಕಪ್ಪು ಗೆರೆ ಎಳೆದು ನಳಿಕೆಯನ್ನು ಅದರ ಮುಂದೆ ಹಿಡಿಯಬೇಕು. ಸರಿಯಾದ ರಕ್ತವಾದರೆ ನೀರು ತಿಳಿಯಾಗಿ ಗೆರೆ ಕಾಣುತ್ತದೆ. ಅರ್ಧ ರೋಗ ಇರುವವರ ರಕ್ತವಾದರೆ ನೀರು ಕಲಕಿಕೊಂಡೇ ಇರುತ್ತದೆ, ಗೆರೆ ಕಾಣುವುದಿಲ್ಲ. ಕಬ್ಬಿಣದ ಅಂಶ ಕಡಿಮೆಯಿದ್ದರೂ ಒಮ್ಮೊಮ್ಮೆ ಕಲಕುತ್ತದೆ, ಅದಕ್ಕೆ ಬೇರೆ ಪರೀಕ್ಷೆಗಳನ್ನೂ ಸೇರಿಸಿ ನೋಡಬೇಕು. ಮೇಷ್ಟರ ನಿಯಮದಂತೆ ನಮ್ಮ ಮನೆಯ ಪರೀಕ್ಷೆಗಳನ್ನೆಲ್ಲ ಕೋಲಾರದಲ್ಲಿ ಲ್ಯಾಬ್ ಇಟ್ಟಿದ್ದ ರಹಮತನಿಗೆ ಒಪ್ಪಿಸಿದೆ. ನಾವಿಬ್ಬರೂ ಒಟ್ಟಿಗೆ ಕಲಿತವರು, ಅವನ ಕೈ ನನ್ನ ಕೈಯಷ್ಟೇ ಖಚಿತ. ಮೊದಲು ನಾನು ಹೋದೆ. ಇಕ್ಕಟ್ಟಾದ ಕೋಣೆ, ಒಂದೇ ಕುರ್ಚಿ, ಅದರ ಬಲಗಡೆ ಗೋಡೆಗೆ ಅಂಟಿಕೊಂಡಿತ್ತು. ಕೂತರೆ ಎಡಗೈ ಮಾತ್ರ ಚಾಚಲು ಆಗುತ್ತಿತ್ತು. ನನ್ನದು ತಿಳಿಯಾಗಿತ್ತು, ಗೆರೆ ಕಂಡಿತು. ಮರುವಾರ ಸೀನ ಹೋದ. ಅವನದು ಕಲಕಿತ್ತು. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು.

ಇನ್ನು ಉಳಿದದ್ದು ಗಿರಿಜ. ಎಲ್ಲ ಅವಳ ಮೇಲೆ ನಿಂತಿತ್ತು. ಸೀನ ಒಂದು ಸಂಜೆ ಬಸ್ಸು ಹತ್ತಿ ನನ್ನ ಕೋಣೆಗೆ ಬಂದು, ಸ್ಟ್ಯಾಂಡಿನ ಖಾಲಿ ನಳಿಕೆಗಳನ್ನು ತಿರುಗಿಸುತ್ತಾ ಕೂತಿದ್ದ. ಹೋಗುವಾಗ, "ಅವಳದೂ ಹಂಗೇ ಬಂದ್ರೆ?" ಎಂದು ಕೇಳಿದ. ಬಂದರೆ ಇಲ್ಲ ಎಂದೆ. ಅವನು ತಲೆಯಾಡಿಸಿ ಹೋದ. ತೋಪುಗಳೆಲ್ಲ ಹೂವು ಬಿಟ್ಟಿದ್ದ ಕಾಲ, ಊರಿಡೀ ಆ ವಾಸನೆ.

ಗಿರಿಜಳನ್ನು ಭಾವನೇ ಕೋಲಾರಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದು ಗೊತ್ತಾಯಿತು. ನನಗೆ ಆ ದಿನ ರಜೆ ಸಿಗುವಂತಿರಲಿಲ್ಲ, ಹೋಗಬೇಕು ಎಂದೂ ಅನ್ನಿಸಲಿಲ್ಲ. ಎರಡು ದಿನದ ಮೇಲೆ ರಹಮತ್ ಆಸ್ಪತ್ರೆಗೆ ಫೋನು ಮಾಡಿದ. ಹುಡುಗಿಯದು ಅಪ್ಪಟ ತಿಳಿ, ಗೆರೆಯೇನು ಗೆರೆಯ ಪಕ್ಕದ ನೊಣವೂ ಕಾಣುತ್ತಿತ್ತು ಎಂದು ತಮಾಷೆ ಮಾಡಿದ. ಫೋನು ಇಟ್ಟವನೇ ನಾನು ಕಾಂಪೌಂಡರನ ಸೈಕಲ್ಲು ಕೇಳಿ ಪಡೆದು ಯಲ್ದೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಸೀಗೆಕಾಯಿ ಒಣಗಿಸುತ್ತಿದ್ದಳು. ಸುದ್ದಿ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗಿರಿಜ ಒಳಗಿನಿಂದ ಹೊರಗೆ ಬರಲೇ ಇಲ್ಲ. ನಾಚಿಕೆ ಎಂದುಕೊಂಡೆ.

ಅಮ್ಮನಿಗೆ ಆದರೂ ಧೈರ್ಯ ಇರಲಿಲ್ಲ. ಮಂಜುವಿನ ಕೊನೆಯ ದಿನಗಳಲ್ಲಿ ಅವನ ಪಕ್ಕ ಕೂತಿದ್ದವಳು ಅವಳೇ. ಮದುವೆಯ ಓಲೆ ಅಚ್ಚಿಗೆ ಹೋಗುವ ಮುಂಚೆ ನನ್ನನ್ನು ರೇಷ್ಮೆಹುಳು ಸಾಕುವ ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದಳು.

"ಆ ಕಾಯಿಲೆ ಇನ್ನೊಂದು ಮಗೀಗೆ ಬರಲ್ಲ ತಾನೇ?"

ಬರುವುದಿಲ್ಲ ಎಂದೆ.

"ನೀನು ಹೇಳ್ತಿದ್ದೀಯ ಅಂದ್ರೆ ಸರಿ. ಇನ್ನು ಯಾರನ್ನೂ ಕೇಳಲ್ಲ."

ವೈಶಾಖದಲ್ಲಿ ಮದುವೆಯಾಯಿತು. ಓಲೆಯಲ್ಲಿ ಸುಮಿತ್ರ ಎಂದಿತ್ತು, ಜೋಯಿಸರು ಧಾರೆಯಲ್ಲೂ ಅದೇ ಹೆಸರು ಹೇಳಿದರು. ಮಾರನೆಯ ದಿನದಿಂದ ಎಲ್ಲರ ಬಾಯಲ್ಲೂ ಮತ್ತೆ ಗಿರಿಜ. ಬೀಗರೂಟಕ್ಕೆ ಭಾವ ತಮ್ಮ ತೋಪಿನ ಮೊದಲ ಹಣ್ಣುಗಳನ್ನು ಇಳಿಸಿದ್ದರು. ಅಕ್ಕ ನನ್ನ ಎಲೆಯ ಮುಂದೆ ನಿಂತು ಸಾಕೆಂದರೂ ಬಿಡದೆ ಹಣ್ಣಿನ ರಸ ಬಡಿಸಿದಳು.

ಆ ವರ್ಷ ಮಳೆ ಹದವಾಗಿ ಬಿತ್ತು, ರಾಗಿ ಚೆನ್ನಾಗಿ ಬಂತು. ದೀಪಾವಳಿಯ ಹೊತ್ತಿಗೆ ಗಿರಿಜ ಬಸುರಿ ಎಂದು ತಿಳಿಯಿತು. ಹಬ್ಬಕ್ಕೆ ತವರಿಗೆ ಬಂದವಳನ್ನು ಅಕ್ಕ ನಮ್ಮ ಆಸ್ಪತ್ರೆಗೆ ತೋರಿಸಲು ಕಳಿಸಿದಳು. ಬಸುರಿಯರಿಗೆ ಮಾಡುವ ಮಾಮೂಲು ರಕ್ತ ಪರೀಕ್ಷೆಗೆ ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಇದರಲ್ಲಿ ತೀರ್ಪು ಕೊಡುವಂಥದ್ದೇನೂ ಇಲ್ಲದ್ದರಿಂದ ರಕ್ತವನ್ನು ನಾನೇ ತೆಗೆದೆ, ಓದುವುದನ್ನು ಡಾಕ್ಟರಮ್ಮನಿಗೇ ಬಿಟ್ಟೆ. ಎಡಗೈಯಲ್ಲಿ ನರ ಸಿಗುವ ಮಾತೇ ಇರಲಿಲ್ಲ. ಬಲಗೈಯಲ್ಲಿ ತೆಗೆದೆ.

ಅದೇ ದಿನ ಮುಳಬಾಗಿಲಿನ ಕಡೆಯ ಗಂಡಹೆಂಡಿರು ಬಿಳಿಚಿಕೊಂಡ ಮಗುವೊಂದನ್ನು ಎತ್ತಿಕೊಂಡು ಬಂದಿದ್ದರು. ಆ ಮಗುವಿನ ಕೆನ್ನೆಯ ಮೂಳೆ ನೋಡಿದ ಕೂಡಲೇ ನನಗೆ ಮಂಜು ನೆನಪಾದ. ತಂದೆತಾಯಿ ಇಬ್ಬರದೂ ನಳಿಕೆಯ ಪರೀಕ್ಷೆ ಆಗಬೇಕಿತ್ತು. ಆ ಪರೀಕ್ಷೆ ಮಾಡುವಾಗಲೆಲ್ಲ ಸರಿಯಾದ ರಕ್ತ ಎಂದು ಗೊತ್ತಿರುವ ಎರಡು ನಳಿಕೆಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಅವು ತಿಳಿಯಾದರೆ ಉಪ್ಪುನೀರು ಸರಿಯಾಗಿದೆ ಎಂದು ಅರ್ಥ. ಒಂದು ನನ್ನದು, ಇನ್ನೊಂದು ಕಾಂಪೌಂಡರನದು. ಆ ದಿನ ಅವನು ರಜೆಯಲ್ಲಿದ್ದ. ಗಿರಿಜಳ ರಕ್ತ ಕೈಯಲ್ಲೇ ಇತ್ತು, ಅಪ್ಪಟ ತಿಳಿ ಎಂದು ರಹಮತನೇ ಹೇಳಿದ್ದ ರಕ್ತ. ಅದರದೇ ಒಂದು ಹನಿ ಹಾಕುತ್ತೇನೆ ಎಂದೆ.

ಅವಳು ಬೆಂಚಿನ ಮೇಲೆ ಹತ್ತಿ ಒತ್ತಿಕೊಂಡು ಕೂತಿದ್ದಳು. ತಲೆ ಎತ್ತದೆ, "ನಂದು ಬೇಡ ಮಾವ. ಇನ್ಯಾರದಾದ್ರೂ ತಗೊಳ್ಳಿ" ಎಂದಳು.

ಬಸುರಿಯ ರಕ್ತ ಬೇರೆಯವರ ರೋಗದ ಜೊತೆ ಇಡಬಾರದು ಎಂಬ ಅಂಜಿಕೆ ಇರಬೇಕು ಎಂದುಕೊಂಡು, ಒಂದು ಹನಿಗೆ ಏನೂ ಆಗುವುದಿಲ್ಲ, ಮನೆಗೆ ಹೋಗಿ ಮಲಗು ಎಂದು ಕಳಿಸಿದೆ. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿ ಹೋದಳು.

ಅರ್ಧ ಗಂಟೆಯ ಮೇಲೆ ನಳಿಕೆಗಳನ್ನು ಗೆರೆಯ ಮುಂದೆ ಹಿಡಿದೆ. ನನ್ನದರಲ್ಲಿ ಗೆರೆ ಕಂಡಿತು. ಆ ಗಂಡಹೆಂಡಿರದು ಎರಡೂ ಕಲಕಿತ್ತು. ಗಿರಿಜಳದೂ ಕಲಕಿತ್ತು.

ಮತ್ತೊಮ್ಮೆ ಉಪ್ಪುನೀರು ಮಾಡಿ, ನಳಿಕೆ ಬದಲಾಯಿಸಿ ನೋಡಿದೆ. ಹಾಗೆಯೇ ಬಂತು. ಬಸುರಿಯಲ್ಲಿ ಕಬ್ಬಿಣ ಕಡಿಮೆಯಾಗಿ ಕಲಕಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅವಳು ಹತ್ತಿ ಒತ್ತಿಕೊಂಡು ಕೂತಿದ್ದ ರೀತಿ ಕಣ್ಣ ಮುಂದೆಯೇ ಇತ್ತು, ಸೆರಗಿನ ಕೆಳಗೆ ಆ ಮುದುಡಿದ ಎಡಗೈ. ಕೋಲಾರದ ಆ ಕುರ್ಚಿ ನೆನಪಾಯಿತು.

ಮರುದಿನ ಅರ್ಧ ದಿನ ರಜೆ ಹಾಕಿ ರಹಮತನ ಹತ್ತಿರ ಹೋದೆ. ಚಹಾ ತರಿಸುತ್ತೇನೆ ಎಂದ, ಬೇಡ ಎಂದೆ. ಹೂವಿನ ಕಾಲದಲ್ಲಿ ಬಂದ ನಮ್ಮ ಹುಡುಗಿಯ ರಕ್ತ ಯಾವ ಕೈಯಿಂದ ತೆಗೆದೆ ಎಂದು ಕೇಳಿದೆ. ಅವನು ಕುರ್ಚಿಯತ್ತ ಕೈ ತೋರಿಸಿದ.

"ಇಲ್ಲಿ ಕೂತೋರ್ದು ಎಲ್ಲಾರ್ದೂ ಎಡಗೈಯೇ ಅಲ್ವೇನಪ್ಪ. ನರ ಸಿಗ್ಲಿಲ್ಲ ಅಂದ್ರೆ ಕುರ್ಚಿ ಎತ್ತಿ ಹೊರಗೆ ಹಾಕ್ಬೇಕು. ಈ ವರ್ಷ ಹಂಗೆ ಹಾಕಿದ್ದು ಒಬ್ಬ ಮುದುಕಪ್ಪಂಗೆ ಮಾತ್ರ. ನಿಮ್ಮ ಹುಡುಗೀದು ಒಂದೇ ಚುಚ್ಚಿಗೆ ಬಂತು."

ಕೈಯಲ್ಲಿ ಸುಟ್ಟ ಗುರುತಿತ್ತೇ ಎಂದು ಕೇಳಿದೆ. ಅವನ ಮುಖದ ನಗು ಹೋಯಿತು. ಇರಲಿಲ್ಲ ಎಂದ. ತಪ್ಪು ತನ್ನದೇನೋ ಎಂಬ ಹಾಗೆ ಸಣ್ಣ ದನಿಯಲ್ಲಿ ಹೇಳಿದ. "ನಾನು ಯಾಕೆ ಅನುಮಾನ ಪಡ್ಲಿ? ಜೊತೇಲಿ ನಿನ್ನ ತಮ್ಮನೇ ಇದ್ದ."

ಕೋಲಾರದಿಂದ ಯಲ್ದೂರಿನವರೆಗೆ ಬಸ್ಸಿನಲ್ಲಿ ಆ ಮಾತನ್ನೇ ತಿರುಗಿಸಿ ತಿರುಗಿಸಿ ಕೇಳಿಸಿಕೊಂಡೆ. ಅದನ್ನು ಕೇಳುವವರೆಗೆ, ಯಾರೋ ಏನೋ ಎಡವಟ್ಟು ಮಾಡಿದ್ದಾರೆ, ಭಾವನ ದಡ್ಡತನ ಇರಬೇಕು, ಎಂದು ಅಂದುಕೊಳ್ಳಲು ನನಗೆ ಜಾಗವಿತ್ತು.

ಅಕ್ಕ ಕಣದಲ್ಲಿದ್ದಳು. ರಾಗಿ ಒಕ್ಕಣೆ ನಡೆದಿತ್ತು, ಆಚೆ ಭಾವ ಮತ್ತು ಇಬ್ಬರು ಆಳುಗಳು ತೆನೆಗಳ ಮೇಲೆ ಕಲ್ಲಿನ ಗುಂಡು ಉರುಳಿಸುತ್ತಿದ್ದರು. ಅವಳು ಗಾಳಿಗೆ ಬೆನ್ನು ಕೊಟ್ಟು ನಿಂತು ಮೊರದಿಂದ ರಾಗಿ ತೂರುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತು, ಕೋಲಾರದಲ್ಲಿ ಕೊಟ್ಟ ಎಡಗೈ ಯಾರದು ಎಂದು ಕೇಳಿದೆ. ಅವಳು ಏನೂ ತಿಳಿಯದವಳಂತೆ ನಟಿಸಲಿಲ್ಲ. ಅಷ್ಟರಮಟ್ಟಿಗೆ ಅವಳನ್ನು ಮೆಚ್ಚಬೇಕು.

"ಯಶೋದಂದು" ಎಂದಳು. ಯಶೋದ ಭಾವನ ತಮ್ಮನ ಮಗಳು, ಗಿರಿಜಳ ಓರಗೆಯವಳು.

"ಸೀನಂಗೆ ಗೊತ್ತಿತ್ತಾ?"

"ಕೋಲಾರದ ಬಸ್ ಸ್ಟ್ಯಾಂಡಲ್ಲಿ ಇಳಿಸ್ಕೊಂಡು ಕರ್ಕೊಂಡು ಹೋಗಿದ್ದೇ ಅವನು. ಆಮೇಲೆ ಯಶೋದಂಗೆ ಮಸಾಲೆ ದೋಸೆ ಕೊಡ್ಸಿ ಕಳಿಸ್ದ."

ಹೀಗೆ ಒಬ್ಬರೂ ಬಿಡದೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ, ಅಮ್ಮ ಮತ್ತು ನಾನು. ನಮ್ಮಿಬ್ಬರಲ್ಲಿ ಅಮ್ಮನನ್ನು ನಂಬಿಸುವ ಕೆಲಸವನ್ನು ನನ್ನ ಕೈಯಿಂದಲೇ ಮಾಡಿಸಿದ್ದರು.

ಮೋಸ ಮಾಡಿದೆ ಎಂದೆ. ಅವಳ ಮೊರ ನಿಲ್ಲಲಿಲ್ಲ.

"ಜೋಯಿಸರು ಜಾತಕ ಕೂಡಲ್ಲ ಅಂದಾಗ ಏನ್ ಮಾಡಿದ್ವೋ? ಹೆಸರಿನ ಮೇಲೆ ಕೂಡಿಸ್ಲಿಲ್ವಾ? ಆ ಹೆಸರು ಆರಿಸ್ದೋನು ನೀನು. ಅವತ್ತು ನಿಂಗೆ ಮೋಸ ಅನ್ನಿಸ್ಲಿಲ್ಲ. ಇದೂ ಹಂಗೇ. ಗಿರಿಜನ ಹೆಸರಿನ ಮೇಲೆ ಕೊಡ್ಸಿದ್ವಿ."

ಅವಳು ವಾದಕ್ಕಾಗಿ ಹೇಳುತ್ತಿರಲಿಲ್ಲ. ಅವಳ ಮನಸ್ಸಿನಲ್ಲಿ ಎರಡೂ ಒಂದೇ ಆಗಿದ್ದವು. ಒಂದು ಕಡೆ ಬಾಗಿಲು ಮುಚ್ಚಿದರೆ ಹೆಸರು ಹಿಡಿದುಕೊಂಡು ಇನ್ನೊಂದು ಬಾಗಿಲಿನಿಂದ ಹೋಗುವುದನ್ನು ಹಿರಿಯರೇ ಕಲಿಸಿದ್ದರು. ನಕ್ಷತ್ರ ಒಪ್ಪಿಕೊಂಡಿತ್ತು, ರಕ್ತವೂ ಒಪ್ಪಿಕೊಳ್ಳುತ್ತದೆ ಎಂದುಕೊಂಡಿದ್ದಳು. ಆದರೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ ಅಲ್ಲ. ಹುಣಿಸೆ ಬೀಜ ಸರಿಸಿದವಳೂ ಅವಳೇ.

ಮಂಜುವನ್ನು ಮರೆತೆಯಾ ಎಂದು ಕೇಳಿದೆ. ಅದನ್ನು ಕೇಳಬಾರದಿತ್ತೇನೋ. ಆಗ ಮೊರ ನಿಂತಿತು.

"ಅವನ್ನ ಮಣ್ಣಿಗೆ ಇಳಿಸಿದ್ದು ಈ ಕೈ. ನಂಗೆ ನೆನಪು ಮಾಡಕ್ಕೆ ಬರ್ಬೇಡ. ಗಿರಿಜಂದೂ ಕೆಟ್ಟ ರಕ್ತ ಅಂತ ಒಂದ್ಸಲ ಊರ ಬಾಯಿಗೆ ಬಿದ್ದಿದ್ರೆ ಯಾವನು ತಗೋತಿದ್ದ ಅವಳ್ನ? ಮೊದಲೇ ಸುಟ್ಟ ಕೈ. ಹೊರಗಿನ ಗಂಡು ನೋಡೋಣ ಅಂದೆ, ನೀನು ಹೇಳಿ ಕೆಲಸಕ್ಕೆ ಹೋದೆ. ಮನೇಲಿ ಮಗಳ್ನ ಇಟ್ಕೊಂಡು ಕೂರೋಳು ನಾನು." ಮೊರದಲ್ಲಿ ಉಳಿದಿದ್ದ ಕಾಳನ್ನು ಬೆರಳಿನಿಂದ ಸರಿಸುತ್ತಾ ಹೇಳಿದಳು. "ನಾಲ್ಕರಲ್ಲಿ ಒಂದು ಅಂತ ನೀನೇ ಬೀಜ ಇಟ್ಟು ತೋರಿಸ್ದೆ. ಮಿಕ್ಕ ಮೂರು ನಂಗೆ ಸಾಕು ಅಂದ್ಕೊಂಡೆ ಕಣೋ."

ನನಗೆ ಹೇಳಬಹುದಿತ್ತು ಎಂದಷ್ಟೇ ಅಂದೆ. ಹೇಳಿದ್ದರೆ ನೀನು ಮದುವೆ ಮಾಡಿಸುತ್ತಿದ್ದೆಯಾ ಎಂದು ಅವಳು ಕೇಳಿದಳು. ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಮೊರ ಎತ್ತಿದಳು, ಹೊಟ್ಟು ನನ್ನ ಅಂಗಿಯ ಮೇಲೆಲ್ಲ ಹರಡಿತು.

ಸೀನನನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅವನೇ ಆ ವಾರ ಬಂದ. ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, "ಅಣ್ಣ, ಅವಳಿಲ್ದೆ ನಂಗೆ ಆಗ್ತಿರ್ಲಿಲ್ಲ" ಎಂದ. ಅದು ನಿಜವೇ ಇರಬಹುದು. ಅವತ್ತು ಸಂಜೆ ಖಾಲಿ ನಳಿಕೆ ತಿರುಗಿಸುತ್ತಾ ಕೂತಿದ್ದಾಗಲೇ ಅದನ್ನು ಹೇಳಬಹುದಿತ್ತು. ಕೆಲಸವಿದೆ, ಹೋಗು ಎಂದೆ.

ಅಮ್ಮನಿಗೆ ಹೇಳಲಿಲ್ಲ. ಹೇಳಿ ಬಸುರಿ ಸೊಸೆಯ ಎದುರು ಅವಳನ್ನು ದಿನವೂ ನಡುಗಿಸುವುದರಿಂದ ಏನಾಗುತ್ತಿತ್ತು? ಹಾಗಾಗಿ ಅವರು ಕಟ್ಟಿದ ಸುಳ್ಳನ್ನು ನಾನೂ ಹೊತ್ತುಕೊಂಡು ತಿರುಗಿದೆ. ಹಬ್ಬಕ್ಕೆ ಹೋದರೆ ಅಮ್ಮ, ನೋಡು ಎಷ್ಟು ಚೆನ್ನಾಗಿದ್ದಾಳೆ ಹುಡುಗಿ ಎಂದು ತೋರಿಸುವಳು. ಹೌದು ಎನ್ನುತ್ತಿದ್ದೆ.

ಯುಗಾದಿಯ ಸುಮಾರಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ಹೋಗಿದ್ದೆ, ಹೋಗದಿದ್ದರೆ ಅಮ್ಮ ಕಾರಣ ಕೇಳುತ್ತಿದ್ದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಬಲಗಿವಿಯನ್ನು ಮಡಿಸಿದರು, ಅದರ ಹಿಂದೆ ಎಳ್ಳುಕಾಳಿನಷ್ಟು ಒಂದು ಮಚ್ಚೆ ಇತ್ತು. ಲತಾ ಎಂದು ಹೆಸರಿಟ್ಟರು. ಹುಟ್ಟಿದಾಗ ಈ ರೋಗ ಕಾಣುವುದಿಲ್ಲ. ಮಂಜು ಕೂಡ ಹುಟ್ಟಿದಾಗ ಕೆಂಪಗೆ ಗುಂಡಗೆ ಇದ್ದ. ಆರೇಳು ತಿಂಗಳು ಕಳೆಯಬೇಕು, ಆಮೇಲೆ ರಕ್ತ ನೋಡಬೇಕು. ಅದನ್ನು ಗಿರಿಜಳಿಗೆ ಒಬ್ಬಳಿಗೇ ಹೇಳಿದೆ. ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಅವಳ ತಪ್ಪು ಎಲ್ಲರಿಗಿಂತ ಕಡಿಮೆ, ಬೇಡ ಎಂದು ಒಂದು ಮಾತಾದರೂ ನನಗೆ ಹೇಳಿದವಳು ಅವಳು. ಆದರೂ ಕಾಲು ಹಿಂದಕ್ಕೆ ಹೋಯಿತು.

ತೋಪುಗಳು ಮತ್ತೆ ಹೂವು ಬಿಟ್ಟವು. ಆ ಹೊತ್ತಿಗೆ ಮಗುವಿಗೆ ಹಲ್ಲು ಬಂದಿತ್ತು. ಬಂದು ರಕ್ತ ಕೊಡುತ್ತೇವೆ ಎಂದು ಹೇಳಿಕಳಿಸಿದರು. ರಹಮತನ ಬಳಿಗೆ ಕಳಿಸಬೇಕಾಗಿತ್ತು, ನಿಯಮ ಅದೇ. ಕಳಿಸಲಿಲ್ಲ. ರಹಮತನ ಮೇಲೆ ಸಂಶಯವಿತ್ತೆಂದಲ್ಲ. ನಡುವೆ ಬಸ್ ಸ್ಟ್ಯಾಂಡು ಇತ್ತು.

ಬೆಳಿಗ್ಗೆ ಬೇಗ ಬಂದರು. ಅಕ್ಕ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದಳು, ಉಣ್ಣೆಯ ಟೋಪಿ ಹಾಕಿ ಗದ್ದದ ಕೆಳಗೆ ದಾರ ಕಟ್ಟಿದ್ದಳು. ಹಿಂದೆ ಗಿರಿಜ. ಸೀನ ಹೊರಗಡೆ ಬೇವಿನ ಮರದ ಕೆಳಗೇ ನಿಂತ. ಕಿಟಕಿ ತೆರೆದಿತ್ತು, ಹೂವಿನ ವಾಸನೆ ಬರುತ್ತಿತ್ತು. ನಾನು ಟ್ರೇ ಹತ್ತಿರ ಎಳೆದುಕೊಂಡೆ, ಮಗುವಿನ ಹಿಮ್ಮಡಿಯನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಅದು ನನ್ನನ್ನು ನೋಡಿ ನಕ್ಕಿತು. ಸೂಜಿ ಎತ್ತಿಕೊಂಡವನು ಮತ್ತೆ ಟ್ರೇಯಲ್ಲಿಟ್ಟೆ. ಟೋಪಿಯ ದಾರ ಸಡಿಲಿಸಿ, ಬಲಗಿವಿಯನ್ನು ಮಡಿಸಲು ಕೈ ಚಾಚಿದೆ.

ಯಾಕೆಂದು ಅಕ್ಕನಿಗೆ ಅರ್ಥವಾಯಿತು. ನಾಮಕರಣದ ದಿನ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ಕಪ್ಪಿಟ್ಟಿತು. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಟೋಪಿಯನ್ನು ತಾನೇ ತೆಗೆದು, ಮಗುವಿನ ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಿವಿ ಮಡಿಸಿ ಹಿಡಿದಳು.

"ನೋಡ್ಕೋ" ಎಂದಳು. "ನಮ್ಮದೇ."

ಮಚ್ಚೆ ಇತ್ತು. ಆಮೇಲೆ ಚುಚ್ಚಿದೆ.

ಮಗುವಿನಲ್ಲಿ ಆ ರೋಗ ಇರಲಿಲ್ಲ. ರಕ್ತ ಬೇಕಾದಷ್ಟಿತ್ತು, ಸೂಕ್ಷ್ಮದರ್ಶಕದಲ್ಲಿ ನೋಡಿದ್ದೂ ಸಮಾಧಾನವಾಗಿತ್ತು, ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಊತವಿಲ್ಲ ಎಂದರು. ಸ್ಲೈಡನ್ನು ನಾನು ಮೇಷ್ಟರ ಮಾತು ನೆನೆಸಿಕೊಂಡು ಎರಡೆರಡು ಸಲ ನೋಡಿದೆ, ಆಮೇಲೆ ಡಾಕ್ಟರಮ್ಮನನ್ನೂ ಕರೆದು ತೋರಿಸಿದೆ. ಹೊರಗೆ ಬಂದು ಹೇಳಿದಾಗ ಗಿರಿಜ ಬೆಂಚಿನ ಮೇಲೆ ಕುಸಿದು ಅತ್ತಳು. ಸೀನ ಮರದ ಕೆಳಗಿನಿಂದ ಓಡಿಬಂದು ಮಗುವನ್ನು ಎತ್ತಿಕೊಂಡ. ಅಕ್ಕ ಅಳಲಿಲ್ಲ. ನೋಡಿದೆಯಾ, ಏನೂ ಆಗಲಿಲ್ಲ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ, ಅದನ್ನೂ ಅನ್ನಲಿಲ್ಲ. ಟೋಪಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಎಲ್ಲರೂ ಮುಂದೆ ಹೋದ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು.

"ಈಗ ನಂಬಿಕೆ ಬಂತಾ?"

"ಮಗಿನ ಮೇಲೆ ಬಂತು" ಎಂದೆ.

ಅವಳು ಸೆರಗು ಸರಿಮಾಡಿಕೊಂಡು ಅವರ ಹಿಂದೆ ಹೋದಳು. ನಾನು ಒಳಗೆ ಬಂದು ಮೇಜು ಒರೆಸಿದೆ, ಸೂಜಿಯನ್ನು ಕುದಿಯುವುದಕ್ಕೆ ಹಾಕಿದೆ, ಬಾಗಿಲ ಹೊರಗೆ ಕಾಯುತ್ತಿದ್ದ ಮುಂದಿನವರ ಹೆಸರು ಕೇಳಿದೆ. ಹೇಳಿದರು. ಇನ್ನೊಮ್ಮೆ ಕೇಳಿದೆ.